ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಗಾನಯೋಗಿ ಪಂಚಾಕ್ಷರ ಗವಾಯಿಗಳವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಹೆಸರು ಕೇಳಿದವರೆಲ್ಲರೂ ಅವರ ಕಾರ್ಯದ ಪರಿಮಾಣವನ್ನು ಅರಿತಿರುವರೆಂದು ಹೇಳುವಂತಿಲ್ಲ. ಅದನ್ನು ಅರಿಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಈ ನಾಡಿನ ಹಳ್ಳಿಗಳಲ್ಲಿ ಕಣ್ಣಿಲ್ಲದ ಕೂಸಿನ ಗತಿ ಏನಾಗುತ್ತಿತ್ತೆಂಬದನ್ನು ಮೊದಲು ನೆನೆಯಬೇಕು. ಸಿಡುಬಿನ ಬೇನೆಯು ಆಗ ಊರೂರಿಗೆ ಬಂದು ಹೋಗುತ್ತಿತ್ತು. ಜೀವವನ್ನು ಉಳಿಸಿದರೂ ಎಷ್ಟೋ ವೇಳೆ ಕಣ್ಣುಗಳನ್ನು ಒಯ್ಯುತ್ತಿತ್ತು. ಹುಟ್ಟುಕುರುಡರೂ ಇದ್ದರು. ಉಳ್ಳವರ ಮನೆಯಲ್ಲಾದರೆ ಅಂಥ ಕೂಸಿಗೆ ಪಡಸಾಲೆಯ ಒಂದು ಮೂಲೆ. ಇಲ್ಲದವರ ಮನೆಯಲ್ಲಾದರೆ ಜಾತ್ರೆಯ ಹಾದಿಯ ಬದಿ. ಜನರು ನಿಷ್ಕರುಣಿಗಳೇನೂ ಆಗಿರಲಿಲ್ಲ. ಕುರುಡನ ಕೈಗೆ ಹಿಡಿ ಜೋಳವನ್ನು ನೀಡದೆ ಮುಂದಕ್ಕೆ ನಡೆಯುವವರು ಕಡಮೆ. ಆದರೆ ಆ ಕೈಗೂ ಒಂದು ಕಾಯಕವುಂಟೆಂಬ ವಿಚಾರವು ಬಹುಜನರಿಗೆ ಹೊಳೆದಿರಲಿಲ್ಲ. ಅಮೃತಸರದಲ್ಲಿ 1887ರಲ್ಲಿ ಕ್ರೈಸ್ತ ಮಿಶನರಿಗಳು ಅಂಧರಿಗಾಗಿ ಒಂದು ಶಾಲೆಯನ್ನು ತೆರೆದರು. ಮೈಸೂರಿನಲ್ಲಿ 1901ರಲ್ಲಿ ಕಿವುಡರ ಮತ್ತು ಅಂಧರ ಶಾಲೆಯೊಂದು ಆರಂಭವಾಯಿತು. ಮುಂಬಯಿ ಇಲಾಖೆಯ ದಕ್ಷಿಣದ ಅಂಚಿನಲ್ಲಿದ್ದ ಕನ್ನಡ ಹಳ್ಳಿಗಳಿಗೆ ಇವೆರಡೂ ದೂರದ ಸುದ್ದಿಗಳು.

ಧಾರವಾಡ ಜಿಲ್ಹೆಯ ಹಾನಗಲ್ಲ ತಾಲೂಕು ಮಲೆನಾಡಿನ ಸೆರಗಿಗೆ ಹತ್ತಿದ ಸೀಮೆ. ಈಗ ಅದು ಹಾವೇರಿ ಜಿಲ್ಹೆಗೆ ಸೇರಿದೆ. ಬತ್ತದ ಗದ್ದೆಗಳೂ ಕೆರೆಗಳೂ ಅಲ್ಲಿ ಬಹಳ. ಆ ತಾಲೂಕಿನ ಕಾಡಶೆಟ್ಟಿಹಳ್ಳಿಯೆಂಬ ಸಣ್ಣ ಗ್ರಾಮದಲ್ಲಿ ಚರಂತಿಮಠದ ಗುರುಪಾದಯ್ಯನವರು ಮತ್ತು ನೀಲಮ್ಮನವರು ಎಂಬ ದಂಪತಿಗಳಿದ್ದರು. ಜಂಗಮರ ಮನೆತನ, ಸಂಪತ್ತು ಹೇಳಿಕೊಳ್ಳುವಂಥದಲ್ಲ. ಈ ದಂಪತಿಗಳಿಗೆ ಹುಟ್ಟಿದ ಗುರುಬಸಯ್ಯನು ಕಣ್ಣಿಲ್ಲದವನು. 1892ನೆಯ ಇಸವಿ ಫೆಬ್ರುವರಿ 2ರಂದು ಹುಟ್ಟಿದ ಗದಿಗೆಯ್ಯನೂ ಹಾಗೆಯೇ ಕಣ್ಣಿಲ್ಲದವನು. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಆ ತಾಯಿಯ ಎದೆಯಲ್ಲಿ ಏನು ನಡೆದಿರಬಹುದೆಂಬದನ್ನು ಬಣ್ಣಿಸಲು ಹೋಗುವದು ವ್ಯರ್ಥ. ಈ ಗದಿಗೆಯ್ಯನೇ ಮುಂದೆ ಪಂಚಾಕ್ಷರ ಗವಾಯಿಗಳೆಂದು ಪ್ರಖ್ಯಾತನಾದ ಮಹಾನುಭಾವನು.

ಅಣ್ಣತಮ್ಮಂದಿರಿಬ್ಬರಿಗೂ ಎಳವೆಯಲ್ಲಿಯೇ ಹಾಡಿನ ಗೀಳು ಹತ್ತಿತು. ಹಳ್ಳಿಯಲ್ಲಿ ಹಾಡಿಗೆ ಬರವಿರಲಿಲ್ಲ. ಮಠದಲ್ಲಿ ಪುರಾಣ, ಮನೆಯಲ್ಲಿ ಬೀಸುವ ಕಲ್ಲಿನ ಪದ, ಊರ ಗುಡಿಯಲ್ಲಿ ಭಜನೆ, ಸುಗ್ಗಿಯಲ್ಲಿ ಬಯಲಾಟ. ನೋಡಲಾರದ ಕೂಸುಗಳಿಗೆ ಊರೆಂದರೆ ಈ ಧ್ವನಿಗಳ ಮೊತ್ತವೇ ಸರಿ. ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುವ ಶಕ್ತಿಯು ಅವರಿಗೆ ಸಹಜವಾಗಿ ಬಂದಿತು. ಅವರ ಹಾಡು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರ ಕಿವಿಗೆ ಬಿದ್ದದ್ದು ಈ ಚರಿತ್ರೆಯ ಮೊದಲ ತಿರುವು.

ಕುಮಾರ ಮಹಾಸ್ವಾಮಿಗಳವರು ಆ ಕಾಲದ ಸಮಾಜದ ದೊಡ್ಡ ಚೇತನ. 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರದ ಸ್ಥಾಪನೆಗೂ ಅವರೇ ಕಾರಣಪುರುಷರು. ಪಾಠಶಾಲೆಗಳು, ಪ್ರಸಾದನಿಲಯಗಳು, ತಾಳೆಗರಿಗಳ ಸಂಗ್ರಹ ಇವೇ ಮೊದಲಾದ ಅವರ ಕಾರ್ಯಗಳನ್ನು ಎಲ್ಲರೂ ಹೊಗಳುವರು. ಆದರೆ ಇಬ್ಬರು ಕುರುಡ ಹುಡುಗರ ಹಾಡಿಗೆ ಕಿವಿಗೊಟ್ಟು, ಅವರಿಗೆ ಭಿಕ್ಷೆಯನ್ನು ಕೊಡಿಸದೆ ಗುರುವನ್ನು ಕೊಡಿಸಿದ್ದು ಆ ಕಾರ್ಯಗಳಲ್ಲಿ ಯಾವದಕ್ಕೂ ಕಡಮೆಯಾದದ್ದಲ್ಲ. ಹುಡುಗರು ಮಠದ ಆಶ್ರಯಕ್ಕೆ ಬಂದರು. ಸಂಗೀತದ ಮೊದಲ ಪಾಠಗಳಾದವು. ಮುಂದೆ ಗದಿಗೆಯ್ಯನನ್ನು ಮೈಸೂರಿಗೆ ಕಳುಹಿಸಿ ಅಲ್ಲಿ ಕೆಲವು ವರ್ಷಗಳ ವರೆಗೆ ಕರ್ನಾಟಕ ಪದ್ಧತಿಯ ಸಂಗೀತವನ್ನು ಕ್ರಮವಾಗಿ ಕಲಿಸಲಾಯಿತು. ಹಾನಗಲ್ಲಿನಿಂದ ಮೈಸೂರು ಆಗ ಬೇರೊಂದು ಸಂಸ್ಥಾನ. ಆಡುವ ಕನ್ನಡದ ಧಾಟಿಯೇ ಬೇರೆ, ಊಟವೇ ಬೇರೆ. ಕಣ್ಣಿಲ್ಲದ ಹಳ್ಳಿಯ ಹುಡುಗನು ಆ ನಗರದಲ್ಲಿ ವರ್ಣ, ಕೃತಿ, ರಾಗ, ತಾಳಗಳನ್ನು ಕಿವಿಯೊಂದರಿಂದಲೇ ಸಂಪಾದಿಸಿಕೊಂಡು ಮರಳಿದನು.

ಮರಳಿದ್ದು ಬಡಗನಾಡಿಗೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಆಗ ಹಿಂದುಸ್ಥಾನೀ ಗಾಯನದ ಗಾಳಿ ಬೀಸತೊಡಗಿತ್ತು. ನಾಟಕ ಕಂಪನಿಗಳು ಅದನ್ನು ಹಳ್ಳಿಗಳಿಗೂ ಮುಟ್ಟಿಸಿದ್ದವು. ಮಿರಜಿನ ಕಡೆಯಿಂದ ನೀಲಕಂಠಬುವಾ ಅವರು ಆ ಗಾಯಕಿಯನ್ನು ಕನ್ನಡನಾಡಿಗೆ ತಂದ ಪ್ರಮುಖರಲ್ಲಿ ಒಬ್ಬರು. ಅವರು ಗ್ವಾಲೇರ ಘರಾಣೆಯ ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಅವರು ಗುರುಗಳಾದರು. ಅವರಲ್ಲಿ ಪಂಚಾಕ್ಷರಿಗಳು ಖ್ಯಾಲ ಗಾಯನದ ತಾಲೀಮನ್ನು ಪಡೆದರು. ಹೀಗೆ ತೆಂಕಣದ ಮತ್ತು ಬಡಗಣದ ಎರಡೂ ಪದ್ಧತಿಗಳನ್ನು ಕರಗತ ಮಾಡಿಕೊಂಡದ್ದರಿಂದ ಉಭಯಗಾಯನಾಚಾರ್ಯರೆಂಬ ಮನ್ನಣೆಯು ಅವರಿಗೆ ಸಂದಿತು. ತಬಲಾ ವಾದನದಲ್ಲಿಯೂ ಅವರ ಕೈ ಪಳಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಬಾಳಕೃಷ್ಣಬುವಾ ಅವರ ಇನ್ನೊಬ್ಬ ಶಿಷ್ಯರು ವಿಷ್ಣು ದಿಗಂಬರ ಪಲುಸ್ಕರರು. ಬಾಲ್ಯದಲ್ಲಿ ಪಟಾಕಿಯ ಸಿಡಿತದಿಂದ ಕಣ್ಣುಗಳು ಕೆಟ್ಟುದರಿಂದಲೇ ಅವರು ಸಂಗೀತದ ದಾರಿಯನ್ನು ಹಿಡಿದರು. 1901ರಲ್ಲಿ ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸ್ವರಲಿಪಿಯ ಪುಸ್ತಕಗಳನ್ನು ಅಚ್ಚುಹಾಕಿಸಿ, ತರಗತಿಗಳನ್ನೂ ಪರೀಕ್ಷೆಗಳನ್ನೂ ಏರ್ಪಡಿಸಿ, ಸಂಗೀತವನ್ನು ದರಬಾರುಗಳಿಂದ ಗೃಹಸ್ಥರ ಮನೆಗೆ ತಂದರು. ಒಂದೇ ಗುರುಪರಂಪರೆಯ ಎರಡು ಕವಲುಗಳಲ್ಲಿ ಕಣ್ಣಿನ ಕೊರತೆಯುಳ್ಳ ಇಬ್ಬರು ಶಾಲೆಗಳನ್ನು ಕಟ್ಟಿದರು. ಪಲುಸ್ಕರರ ಶಾಲೆಗೆ ಕಟ್ಟಡ, ಅಚ್ಚು, ಪುಸ್ತಕಗಳಿದ್ದವು. ಪಂಚಾಕ್ಷರಿಗಳ ಶಾಲೆಗೆ ಬಹುಕಾಲ ಮಾಡವೇ ಇರಲಿಲ್ಲ; ಓದಲು ಕಣ್ಣಿಲ್ಲದವರಿಗೆ ಅಚ್ಚಿನ ಸ್ವರಲಿಪಿಯಿಂದ ಆಗುವದೇನು? ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಉಬ್ಬಕ್ಷರದ ಬ್ರೈಲ ಲಿಪಿಯು ನಿಶ್ಚಿತವಾದದ್ದು 1951ರಲ್ಲಿ, ಅವರು ಲಿಂಗೈಕ್ಯರಾದ ಏಳು ವರ್ಷಗಳ ನಂತರ.

1914ರಲ್ಲಿ ಶಿವಯೋಗಮಂದಿರದ ಶಾಖೆಯಿದ್ದ ನಿಡಗುಂದಿಕೊಪ್ಪದಲ್ಲಿ ಕುಮಾರ ಮಹಾಸ್ವಾಮಿಗಳವರು ಪಂಚಾಕ್ಷರಿಗಳಿಗೆ ಅವರ ಬಾಳಿನ ಕಾರ್ಯವನ್ನು ಒಪ್ಪಿಸಿಕೊಟ್ಟರು. ಅಂಧರು, ಅಂಗವಿಕಲರು, ತಂದೆತಾಯಿಗಳಿಲ್ಲದವರು, ಇದ್ದರೂ ಸಾಕಲಾರದವರ ಮಕ್ಕಳು ಇವರನ್ನು ಕೂಡಿಸಿಕೊಂಡು ಅನ್ನವನ್ನೂ ಸಂಗೀತವನ್ನೂ ಕೊಡುವದೇ ಆ ಕಾರ್ಯ. ಇಪ್ಪತ್ತೆರಡು ವರುಷದ ತರುಣರು ನೈಷ್ಠಿಕ ಬ್ರಹ್ಮಚರ್ಯವನ್ನು ಕೈಕೊಂಡು ಅದನ್ನು ತಲೆಯ ಮೇಲೆ ಹೊತ್ತರು. ಒಂಟಿಯಾಗಿ ಕಚೇರಿಗಳನ್ನು ಮಾಡುತ್ತ ಹೋಗಿದ್ದರೆ ಹಣಕ್ಕೂ ಕೀರ್ತಿಗೂ ಕೊರತೆಯಾಗುತ್ತಿರಲಿಲ್ಲ. ಎರಡು ಪದ್ಧತಿಗಳಲ್ಲಿ ಹಾಡಬಲ್ಲವರು ಆ ಭಾಗದಲ್ಲಿ ಎಷ್ಟು ಜನರಿದ್ದರು? ಆ ದಾರಿಯನ್ನು ಬಿಟ್ಟು, ತನ್ನ ಹೆಜ್ಜೆಯನ್ನೇ ಇನ್ನೊಬ್ಬರ ಕೈಹಿಡಿದು ಇಡಬೇಕಾದವನು ಹತ್ತಾರು ಮಕ್ಕಳ ಕೈಹಿಡಿಯಲು ಒಪ್ಪಿದ್ದು ಸಾಮಾನ್ಯವಾದ ನಿಶ್ಚಯವಲ್ಲ.

ಸಂಚಾರೀ ಸಂಗೀತ ಪಾಠಶಾಲೆಯು ಹೀಗೆ ಹುಟ್ಟಿತು. ಅದು ಒಂದು ಊರಿನಲ್ಲಿ ನಿಲ್ಲುವಂಥದಲ್ಲ. ಒಂದು ಮಠದ ಚೌಕಿಯಲ್ಲಿ ಕೆಲವು ತಿಂಗಳು, ಇನ್ನೊಂದು ಊರಿನ ಗುಡಿಯಲ್ಲಿ ಕೆಲವು ತಿಂಗಳು. ಭಕ್ತರು ನಡೆಸಿದಷ್ಟು ದಿನ ದಾಸೋಹ. ಅನಂತರ ಜೋಳಿಗೆಯೇ ಗತಿ. ತಂಬೂರಿ, ತಬಲಾ, ಪೇಟಿಗಳನ್ನು ಬಂಡಿಯ ಮೇಲೆ ಹೇರಿ, ಕಣ್ಣುಳ್ಳ ಹುಡುಗನ ಹೆಗಲ ಮೇಲೆ ಕಣ್ಣಿಲ್ಲದ ಹುಡುಗನು ಕೈಯಿಟ್ಟು ಸಾಲಾಗಿ ನಡೆಯಬೇಕು. ಜೋಳಿಗೆಯೆಂದಾಕ್ಷಣ ಇದೂ ಭಿಕ್ಷಾಟನೆಯೇ ಅಲ್ಲವೆ ಎಂದು ಕೇಳುವವರು ಉಂಟು. ಭೇದವಿದೆ. ಬೀದಿಯ ಕುರುಡನಿಗೆ ನೀಡಿದ ಹಿಡಿ ಜೋಳವು ಅಂದಿನ ಹೊಟ್ಟೆಯನ್ನು ತುಂಬಿ ಅಲ್ಲಿಗೆ ತೀರುತ್ತದೆ. ಗವಾಯಿಗಳ ಜೋಳಿಗೆಗೆ ಬಿದ್ದ ಜೋಳವನ್ನು ಉಂಡ ಹುಡುಗನು ಮರುದಿನ ಬೆಳಗಿನ ಜಾವದಲ್ಲಿ ಎದ್ದು ಷಡ್ಜಸಾಧನೆಗೆ ಕೂಡುತ್ತಿದ್ದನು. ನೀಡಿದ ಊರಿಗೆ ಅವನೇ ಮುಂದೆ ಪುರಾಣ ಹೇಳಲು, ಕೀರ್ತನ ಮಾಡಲು, ಪಾಠ ಹೇಳಲು ಬರುವವನು.

ಆ ಪಾಠದ ರೀತಿಯನ್ನು ಸ್ವಲ್ಪ ವಿವರಿಸುವದು ಅವಶ್ಯ. ಗುರುವಿಗೂ ಕಣ್ಣಿಲ್ಲ, ಶಿಷ್ಯನಿಗೂ ಕಣ್ಣಿಲ್ಲ. ಪೇಟಿಯ ಮಣೆಗಳ ಮೇಲೆ ಬೆರಳು ಎಲ್ಲಿ ಊರಬೇಕೆಂಬದನ್ನು ತೋರಿಸುವದಕ್ಕೆ ಬರುವದಿಲ್ಲ. ಬೆರಳಿನ ಮೇಲೆ ಬೆರಳಿಟ್ಟು ತಿಳಿಸಬೇಕು. ತಬಲಾದ ಅಕ್ಷರಗಳನ್ನು ಮೊದಲು ಬಾಯಿಂದ ಹೇಳಿಸಿ, ನಾಲಗೆಗೆ ರೂಢಿಯಾದ ಮೇಲೆ ಕೈಗೆ ಇಳಿಸಬೇಕು. ಪಿಟೀಲಿನಲ್ಲಿ ಮನೆಗಳೇ ಇಲ್ಲ. ಅಲ್ಲಿ ಕಣ್ಣುಳ್ಳವನೂ ಕುರುಡನೇ, ಕಿವಿಯೇ ದಾರಿ ತೋರಬೇಕು. ಗವಾಯಿಯು ಒಂದು ಸ್ವರಗುಚ್ಛವನ್ನು ಹಾಡುವನು. ಶಿಷ್ಯನು ಅದನ್ನು ಮರಳಿಸುವನು. ಗುರುವು ಅದನ್ನು ತುಸು ತಿರುಗಿಸುವನು. ಶಿಷ್ಯನು ತಿರುವಿನ ಸಹಿತ ಮರಳಿಸುವನು. ಹೀಗೆ ಸಾವಿರ ಸಲ. ಮಸಿಯೂ ಇಲ್ಲ, ಕಾಗದವೂ ಇಲ್ಲ. ಮರೆತದ್ದು ಹೋಯಿತು, ಉಳಿದದ್ದೇ ವಿದ್ಯೆ.

ಖ್ಯಾಲ ಗಾಯನದ ಸ್ವಭಾವವೂ ಈ ಮಕ್ಕಳಿಗೆ ಒದಗಿಬಂದಿತು. ಕರ್ನಾಟಕ ಪದ್ಧತಿಯಲ್ಲಿ ಕೃತಿಯೆಂಬದು ಪಲ್ಲವಿ, ಅನುಪಲ್ಲವಿ, ಚರಣ, ಸಂಗತಿಗಳ ಸಹಿತ ಕಟ್ಟಿ ನಿಲ್ಲಿಸಿದ ಗುಡಿಯಂತೆ ಸಿದ್ಧವಾಗಿರುತ್ತದೆ. ಅದನ್ನು ಕಲ್ಲುಕಲ್ಲಾಗಿ ನೆನಪಿನಲ್ಲಿ ಇಡಬೇಕು. ಖ್ಯಾಲಿನಲ್ಲಿ ಚೀಜೆಂಬದು ಎರಡು ನಾಲ್ಕು ಸಾಲಿನ ಬೀಜ ಮಾತ್ರ. ಗಾಯಕನು ಕುಳಿತ ಕುಳಿತಲ್ಲಿಯೇ ಆಲಾಪ, ಬೋಲು, ಸರಗಮು, ತಾನುಗಳಿಂದ ಅದನ್ನು ಬೆಳೆಸುತ್ತ ಹೋಗುವನು. ಇಂದು ಹಾಡಿದ್ದು ನಾಳೆ ಬರುವದಿಲ್ಲ. ರಾಗದ ಕಟ್ಟಳೆಯಿದೆ, ತಾಳದ ಕಟ್ಟಳೆಯಿದೆ. ಅವುಗಳ ಒಳಗೆ ಸ್ವಾತಂತ್ರ್ಯ. ವಿಲಂಬಿತ ಏಕತಾಲವಾದರೆ 12 ಮಾತ್ರೆಗಳು, ತೀನತಾಲವಾದರೆ 16. ಎಷ್ಟು ದೂರ ಅಲೆದರೂ ಆವರ್ತನದ ಮೊದಲ ಮಾತ್ರೆಯಾದ ಸಮ್ಮಿಗೆ ಗಾಯಕನೂ ತಬಲಜಿಯೂ ಕೂಡಿಯೇ ಬಂದು ಇಳಿಯಬೇಕು.

ಕಣ್ಣುಳ್ಳ ಕಲಾವಂತರು ಈ ಕೂಡುವಿಕೆಯನ್ನು ಕಣ್ಸನ್ನೆಯಿಂದಲೂ ಕೈಯಾಟದಿಂದಲೂ ಅರ್ಧ ಸಾಧಿಸುತ್ತಾರೆ. ಗವಾಯಿಗಳ ಬಿಡಾರದ ಮೇಳದಲ್ಲಿ ಆ ಸೌಕರ್ಯವಿರಲಿಲ್ಲ. ಹಾಡುವವನು ಉಸಿರೆಳೆಯುವ ಸಪ್ಪಳದಿಂದ ಅವನು ಮುಂದೆ ಎಷ್ಟು ಉದ್ದದ ತಾನನ್ನು ತೆಗೆಯುವನೆಂಬದನ್ನು ಪೇಟಿಯವನು ಊಹಿಸಬೇಕು. ಸ್ವರದ ಒಂದು ಬಾಗಿನಿಂದ ಮುಖಡೆಯು ಸಮೀಪಿಸಿತೆಂಬದನ್ನು ತಬಲಾದವನು ಹಿಡಿಯಬೇಕು. ಇವರು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಸಂಗೀತದ ಮೇಳವೆಂದರೆ ಕಡೆಗೂ ಇಷ್ಟೇ ಅಲ್ಲವೆ? ಕಣ್ಣುಳ್ಳವರ ಮೇಳಗಳಲ್ಲಿ ಎಷ್ಟೋ ವೇಳೆ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಿಸದೆ ಹೋಗುವದುಂಟು. ಅಂಧ ಬಾಲಕರ ಈ ಮೇಳದಲ್ಲಿ ಕೇಳದೆ ಇದ್ದವನು ಕ್ಷಣಮಾತ್ರವೂ ಉಳಿಯುವಂತಿರಲಿಲ್ಲ.

ಎಲ್ಲ ಮಕ್ಕಳೂ ಸಮಬುದ್ಧಿಯವರಲ್ಲ. ಒಬ್ಬನು ಒಮ್ಮೆ ಕೇಳಿದ್ದನ್ನು ಒಪ್ಪಿಸುವನು. ಇನ್ನೊಬ್ಬನಿಗೆ ಒಂದು ಪಲಟೆಯೇ ತಿಂಗಳು ಹಿಡಿಯುವದು. ಪುಸ್ತಕದ ಶಾಲೆಯಲ್ಲಿ ಹಿಂದುಳಿದವನಿಗೆ ಸ್ಥಳವಿಲ್ಲ, ತರಗತಿಯು ಅವನನ್ನು ಬಿಟ್ಟು ಮುಂದೆ ಹೋಗುತ್ತದೆ. ಮೇಳದಲ್ಲಿ ಹಾಗಲ್ಲ. ತಂಬೂರಿಯ ನಾಲ್ಕು ತಂತಿಗಳನ್ನು ಒಂದೇ ಸಮನೆ ಮೀಟುವದಕ್ಕೆ ಚುರುಕು ಬುದ್ಧಿ ಬೇಡ, ಚಂಚಲವಲ್ಲದ ಮನಸ್ಸು ಬೇಕು. ಕೈತಾಳವನ್ನು ಹಿಡಿದು ಲಯವನ್ನು ಕಾಯ್ದವನಿಲ್ಲದಿದ್ದರೆ ದೊಡ್ಡ ಗವಾಯಿಯ ತಾನೂ ನಿಲ್ಲಲು ನೆಲವಿಲ್ಲದಂತಾಗುವದು. ದ್ರುತದಲ್ಲಿ ಹಾರುವವನಿಗೂ ಷಡ್ಜವನ್ನೊಂದೇ ಹಿಡಿದು ಕೂಡ್ರುವವನಿಗೂ ಒಂದೇ ಚಾಪೆಯ ಮೇಲೆ ಸ್ಥಳವುಂಟು. ಒಬ್ಬರಿಲ್ಲದೆ ಒಬ್ಬರಿಗೆ ಸಾಗದು. ಪಶ್ಚಿಮ ದೇಶಗಳಲ್ಲಿ ಈ ಮಾತು ಶಾಸ್ತ್ರದ ರೂಪವನ್ನು ತಾಳಿದ್ದು ತಡವಾಗಿ. ಇಂಗ್ಲೆಂಡಿನಲ್ಲಿ 1959ರಿಂದ ಪಾಲ್ ನಾರ್ಡಾಫ್ ಎಂಬ ಅಮೇರಿಕದ ಸಂಗೀತಕಾರರೂ ಕ್ಲೈವ್ ರಾಬಿನ್ಸ್ ಎಂಬ ಶಿಕ್ಷಕರೂ ಕಲಿಕೆಯಲ್ಲಿ ಹಿಂದುಳಿದ ಮತ್ತು ಸ್ವಮಗ್ನತೆಯುಳ್ಳ ಮಕ್ಕಳೊಡನೆ ಕುಳಿತು, ಮಗುವು ಹೊರಡಿಸಿದ ಧ್ವನಿಯನ್ನೇ ಹಿಡಿದು ಆಗಿಂದಾಗಲೇ ವಾದ್ಯದ ಮೇಲೆ ಸಂಗೀತವನ್ನು ಹೆಣೆಯುವ ಪದ್ಧತಿಯನ್ನು ಬೆಳೆಸಿದರು. ಮಾತಿಗೆ ಓಗೊಡದ ಮಕ್ಕಳು ಡೋಲಿನ ಪೆಟ್ಟಿನಿಂದ ಉತ್ತರ ಕೊಟ್ಟರು. ಗವಾಯಿಗಳವರು ಚಿಕಿತ್ಸೆಯೆಂದು ಏನನ್ನೂ ಮಾಡಿದವರಲ್ಲ; ಅವರು ಮಾಡಿದ್ದು ಗುರುಕುಲ. ಆದರೂ ಎರಡರ ಬುಡದಲ್ಲಿಯೂ ಇರುವ ತಿಳಿವಳಿಕೆ ಒಂದೇ: ಕುಂದುಳ್ಳವನಿಗೆ ಸಂಗೀತವನ್ನು ಕೇಳಿಸುವದು ಬೇರೆ, ಅವನನ್ನು ಸಂಗೀತದ ಒಳಗೆ ಕೂಡ್ರಿಸಿಕೊಳ್ಳುವದು ಬೇರೆ.

ವಚನಗಾಯನದ ವಿಷಯದಲ್ಲಿಯೂ ಈ ಸ್ವಾತಂತ್ರ್ಯವು ಫಲ ಕೊಟ್ಟಿತು. ಶರಣರ ವಚನಗಳು ಛಂದಸ್ಸಿಗೆ ಸಿಕ್ಕುವ ರಚನೆಗಳಲ್ಲ. ಸಾಲುಗಳು ಸಮವಲ್ಲ, ಪ್ರಾಸದ ನಿಯಮವಿಲ್ಲ. ಕೀರ್ತನೆಯಂತೆ ಅವುಗಳನ್ನು ತಾಳಕ್ಕೆ ಕೂಡಿಸಹೋದರೆ ಅರ್ಥವು ಒಡೆಯುತ್ತದೆ. ಹಾಡುವವನು ಅರ್ಥವನ್ನು ತಿಳಿದು, ಎಲ್ಲಿ ಉಸಿರು ನಿಲ್ಲಬೇಕು, ಯಾವ ಶಬ್ದದ ಮೇಲೆ ಸ್ವರವು ತಂಗಬೇಕು ಎಂಬದನ್ನು ಆ ಆ ಹೊತ್ತಿಗೆ ನಿಶ್ಚಯಿಸಬೇಕು. ವಚನಗಳನ್ನು ಹಿಂದುಸ್ಥಾನೀ ರಾಗಗಳಲ್ಲಿ ಹಾಡುವ ಪದ್ಧತಿಯನ್ನು ಬೆಳೆಯಿಸಿದವರಲ್ಲಿ ಗವಾಯಿಗಳವರೂ ಅವರ ಶಿಷ್ಯರೂ ಅಗ್ರಗಣ್ಯರು. ಮಠಗಳ ಅಂಗಳದಲ್ಲಿ ವಚನವು ಹಾಡಾಗಿ ಕೇಳಬರುವದರ ಹಿಂದೆ ಈ ಕುರುಡ ಬಾಲಕರ ಉಸಿರೂ ಉಂಟು.

ಆದರೆ ಮೇಳಕ್ಕೆ ಅನ್ನ ಬೇಕು. ಮಕ್ಕಳ ಸಂಖ್ಯೆಯು ಹೆಚ್ಚಿದಂತೆ ಜೋಳಿಗೆಯು ಸಾಲದಾಯಿತು. ಮಳೆಯಿಲ್ಲದ ವರ್ಷದಲ್ಲಿ ನೀಡುವ ಕೈಗಳೇ ಬರಿದಾಗುವವು. 1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದದ್ದರಿಂದ ಬೆನ್ನಿಗಿದ್ದ ದೊಡ್ಡ ಆಸರೆಯೂ ತಪ್ಪಿತು. ಗವಾಯಿಗಳವರು ನಾಟಕ ಮಂಡಳಿಯೊಂದನ್ನು ಕಟ್ಟಿ, ಗುರುವಿನ ನೆನಪಿಗಾಗಿ ಅದಕ್ಕೆ ಕುಮಾರೇಶ್ವರರ ಹೆಸರನ್ನೇ ಇಟ್ಟರು. ವಿರಕ್ತಭಾವದ ಬ್ರಹ್ಮಚಾರಿಗಳು ನಾಟಕ ಕಂಪನಿಯನ್ನು ನಡೆಸುವದೇ ಎಂದು ಹುಬ್ಬೇರಿಸುವಂಥ ಕಾಲವದು. ನಾಟಕದವರೆಂದರೆ ಜನರಿಗೆ ಹಾಡು ಬೇಕು, ಮರ್ಯಾದೆ ಬೇಡ. ಆದರೆ ಆಗಿನ ನಾಟಕವು ಸಂಗೀತದ ಮೇಲೆಯೇ ನಿಂತದ್ದು. ಆಟವೊಂದಕ್ಕೆ ಹತ್ತಾರು ಪದಗಳು. ಪ್ರೇಕ್ಷಕರು ಮತ್ತೊಮ್ಮೆ ಎಂದು ಕೂಗಿದರೆ ಅದೇ ಪದವನ್ನು ಹೊಸ ತಾನುಗಳಿಂದ ಮತ್ತೆ ಹಾಡಬೇಕು. ಶಾಲೆಯಲ್ಲಿ ಕಲಿತದ್ದು ರಂಗದ ಮೇಲೆ ಪ್ರತಿರಾತ್ರಿ ಒರೆಗಲ್ಲಿಗೆ ಬಂದಿತು. ಆಟದ ಹುಟ್ಟುವಳಿಯು ಬಿಡಾರದ ಒಲೆಯನ್ನು ಹೊತ್ತಿಸಿತು. ತಮ್ಮ ಪೇಟಿ, ತಮ್ಮ ತಬಲಾ, ತಮ್ಮ ಕೊರಳುಗಳಿಂದ ಗಳಿಸಿದ ಕಾಸಿನಿಂದ ಉಂಡ ಮಕ್ಕಳು ತಾವು ಯಾರ ಹಂಗಿನವರೂ ಅಲ್ಲವೆಂಬದನ್ನು ಅರಿತರು.

ಗವಾಯಿಗಳವರ ಬಗೆಗೆ ಪವಾಡಗಳನ್ನು ಹೇಳುವವರಿದ್ದಾರೆ. ರಾಗ ಹಾಡಿ ಮಳೆ ತರಿಸಿದರೆಂಬಂಥ ಕಥೆಗಳು ಎಲ್ಲ ಗಾಯಕರ ಸುತ್ತಲೂ ಬೆಳೆಯುತ್ತವೆ. ಅವುಗಳ ಹಂಗಿಲ್ಲದೆಯೇ ಅವರ ಶಿಷ್ಯರ ಯಾದಿಯನ್ನು ನೋಡಿದರೆ ಸಾಕು. ಹಾನಗಲ್ಲ ತಾಲೂಕಿನವನೇ ಆದ ಪುಟ್ಟಯ್ಯನೆಂಬ ಹುಡುಗನು 1914ರ ಮಾರ್ಚ 3ರಂದು ಹುಟ್ಟಿ, ವರುಷ ತುಂಬುವದರೊಳಗೆ ದೃಷ್ಟಿಯನ್ನು ಕಳೆದುಕೊಂಡನು. ಸೋದರಮಾವಂದಿರು ಅವನನ್ನು ತಂದು ಗವಾಯಿಗಳ ಬಿಡಾರದಲ್ಲಿ ಬಿಟ್ಟರು. ಆ ಹುಡುಗನು ಎರಡೂ ಪದ್ಧತಿಗಳ ಗಾಯನವನ್ನು ಕಲಿತು, ಪೇಟಿ, ತಬಲಾ, ಪಿಟೀಲು, ಸಾರಂಗಿ ಮೊದಲಾದ ಎಷ್ಟೋ ವಾದ್ಯಗಳನ್ನು ವಶಮಾಡಿಕೊಂಡು, ನಾಟಕಗಳನ್ನೂ ಪುರಾಣಗಳನ್ನೂ ರಚಿಸಿದನು. ಅವನೇ ಪಂಡಿತ ಪುಟ್ಟರಾಜ ಗವಾಯಿಗಳು. ಕಣ್ಣುಳ್ಳ ಶಿಷ್ಯರೂ ಇದ್ದರು. ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ, ಬಸವರಾಜ ರಾಜಗುರು ಇವರೆಲ್ಲರೂ ಅದೇ ಪಂಕ್ತಿಯಲ್ಲಿ ಉಂಡು ಅದೇ ಚಾಪೆಯ ಮೇಲೆ ಕಲಿತವರು. ನಾಕೋಡರ ಮನೆತನವು ಲಿಂಗವಂತರದಲ್ಲ. ಬಿಡಾರಕ್ಕೆ ಬಂದವನ ಕೊರಳನ್ನು ಕೇಳುತ್ತಿದ್ದರು, ಕುಲವನ್ನು ಕೇಳುತ್ತಿರಲಿಲ್ಲ. ಅಂಧರದೇ ಒಂದು ಬೇಲಿಯನ್ನು ಹಾಕದೆ ಕಣ್ಣುಳ್ಳವರನ್ನೂ ಕೂಡಿಸಿಕೊಂಡದ್ದು ಗವಾಯಿಗಳವರ ದೂರದೃಷ್ಟಿ. ಹಾಗೆ ಮಾಡಿರದಿದ್ದರೆ ಅಂಧರ ಸಂಗೀತವೆಂಬ ಬೇರೆಯ, ಕರುಣೆಯಿಂದ ಕೇಳಬೇಕಾದ ಒಂದು ಸಂಗೀತವು ಹುಟ್ಟುತ್ತಿತ್ತು.

ಈ ಮಾತಿಗೆ 1936ರ ಒಂದು ಪ್ರಸಂಗವು ಸಾಕ್ಷಿಯಾಗಿದೆ. ವಿಜಯನಗರ ಸಾಮ್ರಾಜ್ಯವು ಸ್ಥಾಪನೆಯಾಗಿ ಆರುನೂರು ವರ್ಷಗಳು ತುಂಬಿದ ಸ್ಮರಣೋತ್ಸವವು ಆ ವರ್ಷ ಹಂಪೆಯಲ್ಲಿ ಜರುಗಿತು. ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವಾದುದರಿಂದ ಆ ಉತ್ಸವಕ್ಕೆ ಬರಿಯ ಸಂಭ್ರಮಕ್ಕಿಂತ ಹೆಚ್ಚಿನ ಅರ್ಥವಿತ್ತು. ಅಲ್ಲಿ ಹಾಡಲು ಕುಳಿತವನು ಬಸವರಾಜ ರಾಜಗುರು. ಯಲಿವಾಳದ ಹುಡುಗ, ಎಳವೆಯಲ್ಲಿ ತಂದೆಯನ್ನು ಕಳೆದುಕೊಂಡು, ನಾಟಕ ಕಂಪನಿಯಲ್ಲಿ ಹಾಡುತ್ತ ಅಲೆದು, ಗವಾಯಿಗಳ ಆಶ್ರಯವನ್ನು ಪಡೆದವನು. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವನ ಮಗ್ಗುಲಲ್ಲಿ ತಬಲಾದ ಮುಂದೆ ಕುಳಿತವರು ಸ್ವತಃ ಪಂಚಾಕ್ಷರ ಗವಾಯಿಗಳು.

ಕಚೇರಿಯ ಮರ್ಯಾದೆಯನ್ನು ಬಲ್ಲವರಿಗೆ ಇದರ ಮಹತ್ವವು ಗೊತ್ತಾಗುವದು. ಆ ಕಾಲದಲ್ಲಿ ಗಾಯಕನು ಒಡೆಯ, ತಬಲಜಿಯು ಅನುಚರ. ಅವನ ಹೆಸರನ್ನು ಕೇಳುವವರು ಸಹ ಕಡಮೆ. ಗುರುವಾದವನು ಹಾಡುವಾಗ ಶಿಷ್ಯನು ಹಿಂದೆ ಕುಳಿತು ತಂಬೂರಿ ಮೀಟುವದು ಎಲ್ಲೆಲ್ಲಿಯೂ ಉಂಟು. ಎರಡು ಪದ್ಧತಿಗಳ ಆಚಾರ್ಯನೆನಿಸಿದ ನಾಲ್ವತ್ತನಾಲ್ಕು ವರುಷದ ಗುರುವು, ನಾಡಿನ ಗಣ್ಯರು ನೆರೆದ ಸಭೆಯಲ್ಲಿ, ಹದಿಹರೆಯದ ಶಿಷ್ಯನನ್ನು ಮುಂದೆ ಕೂಡ್ರಿಸಿ ಅವನ ತಾನುಗಳಿಗೆ ಕಿವಿಗೊಟ್ಟು ಠೇಕಾ ಹಿಡಿಯುವದು ಎಲ್ಲಿಯೂ ಇಲ್ಲ. ಹುಡುಗನು ಎತ್ತ ಹೋಗುವನೆಂಬದು ಅವನಿಗೇ ಮೊದಲು ಗೊತ್ತಿರದು. ತಬಲಾದವನು ಅತ್ತ ನಡೆಯಬೇಕು, ತಪ್ಪುವಂತಾದರೆ ಹಿಡಿಯಬೇ��ು, ಹಿಡಿದದ್ದು ಸಭೆಗೆ ತಿಳಿಯಬಾರದು. ಅಂದಿನ ಗಾಯನವು ರಾಜಗುರುವಿನ ಕೀರ್ತಿಗೆ ನಾಂದಿಯಾಯಿತು. ಮುಂದೆ ಅವರು ಹಲವು ಉಸ್ತಾದರಲ್ಲಿ ಕಲಿತು, ಅಖಿಲ ಭಾರತದ ಗಾಯಕರಾಗಿ, 1991ರಲ್ಲಿ ತೀರಿಕೊಂಡರು. ಆ ಮೊದಲ ದೊಡ್ಡ ಸಭೆಯಲ್ಲಿ ತಾಳವನ್ನು ಕಾಯ್ದ ಕೈಗಳು ಕಣ್ಣಿಲ್ಲದವರವು.

ಸಂಚಾರದಲ್ಲಿಯೇ ಇಪ್ಪತ್ತೈದು ವರುಷಗಳಿಗೂ ಹೆಚ್ಚು ಕಾಲ ಕಳೆದವು. ಗವಾಯಿಗಳವರ ಶರೀರವು ದಣಿಯಿತು. ಊರೂರು ಅಲೆಯುವ ಮಕ್ಕಳಿಗೆ ಒಂದು ಸ್ಥಿರವಾದ ನೆಲೆಯು ಬೇಕೆಂಬ ಚಿಂತೆಯು ಅವರನ್ನು ಕೊರೆಯುತ್ತಿತ್ತು. ತಮ್ಮ ನಂತರ ಇವರು ಮತ್ತೆ ಜಾತ್ರೆಯ ಹಾದಿಗೆ ಬೀಳಬಾರದು. ಗದುಗು ಹತ್ತಿಯ ವ್ಯಾಪಾರದ ಊರು, ರೇಲ್ವೆಯ ಕೂಡುದಾರಿ, ದಾನಿಗಳ ನೆಲೆ. ಆ ಊರಿನ ಬಸರಿಗಿಡದ ವೀರಪ್ಪನವರೆಂಬ ವರ್ತಕರು ಗವಾಯಿಗಳ ಚಿಂತೆಯನ್ನು ಅರಿತು ಮುಂದೆ ಬಂದರು. 1942ರ ಸುಮಾರಿಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ಬಂಡಿಯ ಮೇಲೆ ಅಲೆದಾಡಿದ ತಂಬೂರಿಗಳಿಗೆ ಗೋಡೆಯ ಗೂಟಗಳು ದೊರೆತವು.

ಆ ನೆಲೆಯಲ್ಲಿ ಗವಾಯಿಗಳವರು ಹೆಚ್ಚು ಕಾಲ ಇರಲಿಲ್ಲ. 1944ನೆಯ ಇಸವಿ ಜೂನ್ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಗದುಗಿನಲ್ಲಿ ಲಿಂಗೈಕ್ಯರಾದರು. ಸ್ವಂತದ್ದೆಂದು ಬಿಟ್ಟುಹೋದದ್ದು ಏನೂ ಇಲ್ಲ. ಪುಸ್ತಕಗಳನ್ನು ಬರೆಯಿಸಲಿಲ್ಲ. ಅವರ ಗಾಯನವು ಕೇಳಿದವರ ನೆನಪಿನಲ್ಲಿಯೂ ಶಿಷ್ಯರ ಕೊರಳಿನಲ್ಲಿಯೂ ಉಳಿಯಿತು.

ಆಶ್ರಮದ ಭಾರವು ಮೂವತ್ತು ವರುಷದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಅವರು ಅದನ್ನು ಅರುವತ್ತಾರು ವರುಷ ಹೊತ್ತರು. ಭಕ್ತರು ಅವರ ತುಲಾಭಾರ ಮಾಡಿಸಿ ಕೊಟ್ಟ ನಾಣ್ಯಗಳೆಲ್ಲ ಮಕ್ಕಳ ಊಟಕ್ಕೆ ಸಂದವು. ಭಾರತ ಸರಕಾರವು 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ಕೊಟ್ಟಿತು; ಅದೇ ವರ್ಷ ಸೆಪ್ಟೆಂಬರ 17ರಂದು ಅವರೂ ಲಿಂಗೈಕ್ಯರಾದರು. ಪಂಚಾಕ್ಷರ ಗವಾಯಿಗಳವರ ಚರಿತ್ರೆಯು 1995ರಲ್ಲಿ ಚಲಚ್ಚಿತ್ರವಾಗಿಯೂ ಬಂದಿತು. ಅದರಲ್ಲಿ ಹಾಡಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಸಂಗೀತವನ್ನು ನೀಡಿದ ಹಂಸಲೇಖರಿಗೂ ರಾಷ್ಟ್ರಪ್ರಶಸ್ತಿಗಳು ದೊರೆತವು.

ಆಶ್ರಮದಲ್ಲಿ ಕಲಿತ ಅಂಧರು ಕನ್ನಡನಾಡಿನ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ ವೇತನ ಪಡೆಯುತ್ತಿದ್ದಾರೆ. ಶ್ರಾವಣ ಮಾಸ ಬಂದಿತೆಂದರೆ ಅಲ್ಲಿಯ ಗವಾಯಿಗಳು, ಪೇಟಿಯವರು, ತಬಲಾದವರು ಮಠಮಠಗಳಿಗೆ ಪುರಾಣಕ್ಕೆ ಹೋಗುತ್ತಾರೆ. ತಿಂಗಳು ಕಾಲ ಆ ಊರಿನಲ್ಲಿ ಇದ್ದು, ಪ್ರತಿರಾತ್ರಿ ಹಾಡಿ, ಮಂಗಲದ ದಿನ ಕಾಣಿಕೆಯನ್ನು ಪಡೆದು ತಮ್ಮ ತಮ್ಮ ಮನೆಗಳಿಗೆ ಮರಳುತ್ತಾರೆ. ಅವರಿಗೆ ಮನೆಗಳಿವೆ, ಹೆಂಡಿರು ಮಕ್ಕಳಿದ್ದಾರೆ.